ಯೂನಿಯನ್ ಸೇರಬೇಕಾ? ಸೇರುವುದಾದರೆ ಯಾವಾಗ?

ತಿಂಗಳಿಗೆ 417 ರೂಪಾಯಿ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕೆಲಸಗಾರರ ಸಂಬಳಕ್ಕೆ ಸೇರಬೇಕಿದ್ದ ಡಿಎ ಹೆಚ್ಚಳ ಹೆಚ್ಚುಕಡಿಮೆ ಇಷ್ಟೇ. ಡಿಎ ಅಂದರೆ ತುಟ್ಟಿಭತ್ಯೆ. ಬೇಳೆ, ಎಣ್ಣೆ, ಬಸ್ ಚಾರ್ಜು ಏರಿದ ಹಾಗೆ ಕನಿಷ್ಠ ವೇತನವೂ ಪ್ರತಿ ಏಪ್ರಿಲ್‌ನಲ್ಲಿ ಸ್ವಲ್ಪ ಏರಲಿ ಎಂದು ಇರುವ ವ್ಯವಸ್ಥೆ. ಕೊರೊನಾ ವರ್ಷದಲ್ಲಿ ಸರ್ಕಾರ ಅದನ್ನು ಮುಂದೂಡಿತು. ಕಾರ್ಮಿಕ ಸಂಘಗಳು ಹೈಕೋರ್ಟಿಗೆ ಹೋದವು, ಮುಂದೂಡಿಕೆಗೆ ತಡೆ ಸಿಕ್ಕಿತು. ಆಮೇಲೂ ಬಹಳಷ್ಟು ಫ್ಯಾಕ್ಟರಿಗಳು ಹಣ ಕೊಡಲಿಲ್ಲ. ಇಲ್ಲಿ ಸಂಘಗಳು, ಅಲ್ಲಿ ಬಟ್ಟೆ ಕೊಳ್ಳುವ ವಿದೇಶಿ ಬ್ರಾಂಡ್‌ಗಳು, ಎರಡೂ ಕಡೆಯಿಂದ ಒತ್ತಡ ಬಿದ್ದ ಮೇಲೆ 2022ರಲ್ಲಿ ದೊಡ್ಡ ಕಂಪನಿಗಳು ಬಾಕಿ ಕೊಡತೊಡಗಿದವು.

ಈಗ ಒಬ್ಬ ಟೈಲರ್ ಅಕ್ಕನ ಜಾಗದಲ್ಲಿ ನಿಂತು ಲೆಕ್ಕ ಹಾಕಿ. 417 ರೂಪಾಯಿಗೆ ಯಾರು ವಕೀಲರನ್ನು ಇಡುತ್ತಾರೆ? ಒಂದು ದಿನ ರಜೆ ಹಾಕಿ ಕೋರ್ಟಿಗೆ ಹೋದರೆ ಅಷ್ಟೇ ಹಣ ಅಲ್ಲೇ ಹೋಯಿತು. ಆದರೆ ರಾಜ್ಯದಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿರುವವರು 4 ಲಕ್ಷ ಎಂದಿಟ್ಟುಕೊಂಡರೂ ತಿಂಗಳಿಗೆ 16 ಕೋಟಿ 68 ಲಕ್ಷ ರೂಪಾಯಿ ಆಗುತ್ತದೆ. ಒಬ್ಬರಿಗೆ ಬಿಟ್ಟುಬಿಡಬಹುದಾದ ಚಿಲ್ಲರೆ, ಎಲ್ಲರದ್ದೂ ಸೇರಿದರೆ ದೊಡ್ಡ ಗಂಟು. ಯೂನಿಯನ್ ಅನ್ನುವುದು ಹುಟ್ಟಿದ್ದೇ ಈ ಎರಡು ಲೆಕ್ಕಗಳ ನಡುವೆ.

ಇದನ್ನು ಈಗ ತಿಳಿದುಕೊಳ್ಳಲು ಇನ್ನೊಂದು ಕಾರಣವೂ ಇದೆ. 2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ ಒಂದು, ಕೈಗಾರಿಕಾ ಸಂಬಂಧಗಳ ಸಂಹಿತೆ, ಯೂನಿಯನ್‌ಗಳ ಆಟದ ನಿಯಮವನ್ನೇ ಬದಲಿಸಿದೆ.

ಹಾಲು ಕೆಡುತ್ತದೆ, ದಿನವೂ ಕೆಡುತ್ತದೆ

ಯೂನಿಯನ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕೆಂಪು ಬಾವುಟ, ಗೇಟಿನ ಮುಂದೆ ಘೋಷಣೆ. ಅದಕ್ಕಿಂತ ಊರಿನ ಹಾಲಿನ ಡೇರಿಯನ್ನು ನೆನೆಸಿಕೊಳ್ಳಿ, ವಿಷಯ ಬೇಗ ಅರ್ಥವಾಗುತ್ತದೆ.

ಡೇರಿ ಇಲ್ಲದ ಕಾಲದಲ್ಲಿ ಎರಡು ಲೀಟರ್ ಹಾಲು ಇಟ್ಟುಕೊಂಡ ರೈತ ವರ್ತಕನ ಮುಂದೆ ನಿಲ್ಲುತ್ತಿದ್ದ. ವರ್ತಕ ಹೇಳಿದ್ದೇ ರೇಟು. 'ಆಗಲ್ಲ, ನಾಳೆ ಬರ್ತೀನಿ' ಎಂದು ರೈತ ಹೇಳುವಂತಿಲ್ಲ. ನಾಳೆಗೆ ಹಾಲು ಒಡೆದಿರುತ್ತದೆ. ವರ್ತಕನಿಗೆ ಆ ಆತುರ ಇಲ್ಲ, ಪಕ್ಕದ ಮನೆಯ ಹಾಲು ತಗೊಳ್ಳುತ್ತಾನೆ. ಊರಿನವರೆಲ್ಲ ಒಂದೇ ಕ್ಯಾನಿಗೆ ಹಾಲು ಸುರಿದು ಒಟ್ಟಾಗಿ ಮಾರಿದಾಗ ಮಾತಿನ ತೂಕ ಬದಲಾಯಿತು.

ದುಡಿಮೆಯೂ ಹಾಲಿನಂಥದ್ದೇ. ಇವತ್ತು ಮಾರಾಟವಾಗದ ಒಂದು ದಿನದ ಕೆಲಸವನ್ನು ಎತ್ತಿಟ್ಟು ನಾಳೆ ಮಾರಲು ಆಗುವುದಿಲ್ಲ. ಆ ದಿನ ಹೋಯಿತು ಅಷ್ಟೇ. ಮಾಲೀಕರು ಒಂದು ವಾರ ಕಾಯಬಹುದು. ಕೆಲಸಗಾರನ ಮನೆ ಬಾಡಿಗೆ ಕಾಯುವುದಿಲ್ಲ. ಮಾಲೀಕರು ಕೆಟ್ಟವರು ಎಂದು ಇದರ ಅರ್ಥವಲ್ಲ. ಒಳ್ಳೆಯ ಮಾಲೀಕರ ಮುಂದೆಯೂ ಒಬ್ಬಂಟಿ ಕೆಲಸಗಾರನ ಕೈ ಕೆಳಗೇ ಇರುತ್ತದೆ.

ಎಲ್ಲರೂ ಸೇರಿ ಒಂದೇ ಬಾಯಲ್ಲಿ ಮಾತಾಡುವುದಕ್ಕೆ ಸಾಮೂಹಿಕ ಚೌಕಾಸಿ ಎನ್ನುತ್ತಾರೆ. ಸಂಘ ಬರೆದುಕೊಡುವ ಪಟ್ಟಿ ಬೇಡಿಕೆ ಪಟ್ಟಿ. ಮಾತುಕತೆ ಮುಗಿದು ಎರಡೂ ಕಡೆ ಸಹಿ ಬಿದ್ದರೆ ಅದು ಒಪ್ಪಂದ, ಫ್ಯಾಕ್ಟರಿ ಭಾಷೆಯಲ್ಲಿ ಸೆಟಲ್‌ಮೆಂಟು. ಮಾತು ಮುರಿದರೆ ಕಾರ್ಮಿಕ ಇಲಾಖೆಯ ಅಧಿಕಾರಿ ನಡುವೆ ಕೂರುತ್ತಾರೆ, ಅದು ಸಂಧಾನ. ಅಲ್ಲೂ ಆಗದಿದ್ದರೆ ನ್ಯಾಯಮಂಡಳಿ. ಕೆಲಸಗಾರರು ಕೆಲಸ ನಿಲ್ಲಿಸಿದರೆ ಮುಷ್ಕರ, ಮಾಲೀಕರು ಗೇಟು ಹಾಕಿದರೆ ಲಾಕೌಟ್.

ಹಕ್ಕು ಬಂದದ್ದು ಎಲ್ಲಿಂದ

1918ರಲ್ಲಿ ಮದ್ರಾಸಿನಲ್ಲಿ ಬಿ.ಪಿ. ವಾಡಿಯಾ ಅವರ ಮುಂದಾಳತ್ವದಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಶುರುವಾಯಿತು. ನಮ್ಮ ದೇಶದಲ್ಲಿ ಕ್ರಮಬದ್ಧವಾಗಿ ಕಟ್ಟಿದ ಮೊದಲ ಯೂನಿಯನ್‌ಗಳಲ್ಲಿ ಅದು ಒಂದು. ಅದರ ಸದಸ್ಯರು ಹೆಚ್ಚಾಗಿ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಮಿಲ್ಲುಗಳ ನೌಕರರು. ಆ ಮಿಲ್ಲುಗಳನ್ನು ನಡೆಸುತ್ತಿದ್ದದ್ದು ಬಿನ್ನಿ ಕಂಪನಿ. ನಮ್ಮ ಬೆಂಗಳೂರಿನ ಬಿನ್ನಿಪೇಟೆಗೆ ಹೆಸರು ಬಂದದ್ದೂ ಅದೇ ಬಿನ್ನಿಯಿಂದ.

ಮುಂದೆ ಗಲಾಟೆ ಜೋರಾದಾಗ ಕಂಪನಿ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಕೆಲಸಗಾರರು ತಮ್ಮ ಕರಾರು ಮುರಿಯುವಂತೆ ವಾಡಿಯಾ ಮತ್ತು ಜೊತೆಗಾರರು ಪ್ರೇರೇಪಿಸಬಾರದು ಎಂದು ಕೋರ್ಟು ತಡೆಯಾಜ್ಞೆ ಕೊಟ್ಟಿತು. ಅಂದರೆ ಯೂನಿಯನ್ ಕಟ್ಟುವವರ ಮೇಲೆ ನಷ್ಟದ ಕೇಸು ಹಾಕಬಹುದು ಎಂದಾಯಿತು. ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರು ಶಾಸನಸಭೆಯಲ್ಲಿ ಇದನ್ನೆತ್ತಿದರು. ಅದರ ಫಲವೇ 1926ರ ಟ್ರೇಡ್ ಯೂನಿಯನ್ ಕಾಯ್ದೆ. ನೋಂದಾಯಿತ ಸಂಘದವರ ಮೇಲೆ, ಸಂಘದ ನ್ಯಾಯವಾದ ಕೆಲಸ ಮಾಡಿದ್ದಕ್ಕಾಗಿ ಒಳಸಂಚಿನ ಕೇಸಾಗಲಿ ಕರಾರು ಮುರಿಸಿದ ಕೇಸಾಗಲಿ ಹಾಕುವಂತಿಲ್ಲ ಎಂದು ಅದು ರಕ್ಷಣೆ ಕೊಟ್ಟಿತು. ನೋಂದಣಿಗೆ ಇಷ್ಟು ಮಹತ್ವ ಇರುವುದು ಇದೇ ಕಾರಣಕ್ಕೆ.

ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದ 19(1)(ಸಿ) ವಿಧಿ ಸಂಘ ಕಟ್ಟುವ ಹಕ್ಕನ್ನು ಮೂಲಭೂತ ಹಕ್ಕು ಮಾಡಿತು. ಆದರೆ ಮುಷ್ಕರ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1962ರಷ್ಟು ಹಿಂದೆಯೇ ಹೇಳಿದೆ. ಸಂಘ ಕಟ್ಟುವುದು ಮೂಲಭೂತ ಹಕ್ಕು. ಕೆಲಸ ನಿಲ್ಲಿಸುವುದಕ್ಕೆ ಕಾನೂನು ಹಾಕಿದ ಷರತ್ತುಗಳನ್ನು ಪಾಲಿಸಲೇಬೇಕು. ಈ ವ್ಯತ್ಯಾಸ ನೆನಪಿರಲಿ.

51ರ ಲೆಕ್ಕ

ಹೊಸ ಸಂಹಿತೆ 1926ರ ಕಾಯ್ದೆಯನ್ನೂ, 1946ರ ಸ್ಥಾಯಿ ಆದೇಶಗಳ ಕಾಯ್ದೆಯನ್ನೂ, 1947ರ ಕೈಗಾರಿಕಾ ವಿವಾದಗಳ ಕಾಯ್ದೆಯನ್ನೂ ಸೇರಿಸಿ ಒಂದು ಮಾಡಿದೆ. ಸಂಘ ನೋಂದಾಯಿಸಲು ಕನಿಷ್ಠ 7 ಜನ ಅರ್ಜಿ ಹಾಕಬೇಕು. ಜೊತೆಗೆ ಆ ಸಂಸ್ಥೆಯ ಶೇ. 10ರಷ್ಟು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಇದು ಹಳೆಯ ಲೆಕ್ಕವೇ. ಮೊದಲೇ ನೋಂದಣಿಯಾದ ಸಂಘಗಳು ಹೊಸ ಕಾನೂನಿನಲ್ಲೂ ಉಳಿಯುತ್ತವೆ.

ಹೊಸತು ಇರುವುದು ಮಾನ್ಯತೆಯಲ್ಲಿ. ಯಾವ ಸಂಘದ ಜೊತೆ ಮಾಲೀಕರು ಕೂತು ಮಾತಾಡಬೇಕು ಎಂಬುದಕ್ಕೆ ಮೊದಲು ಕೇಂದ್ರ ಕಾನೂನಿನಲ್ಲಿ ಸ್ಪಷ್ಟ ಉತ್ತರ ಇರಲಿಲ್ಲ. ಈಗ ಇದೆ. ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ, ಹಾಜರಿ ಪಟ್ಟಿಯಲ್ಲಿರುವವರಲ್ಲಿ ಶೇ. 51ರಷ್ಟು ಬೆಂಬಲ ಇರುವ ಸಂಘ ಮಾತ್ರ ಮಾತುಕತೆಯ ಸಂಘ. ಯಾರಿಗೂ 51 ಬರದಿದ್ದರೆ ಒಂದು ಮಂಡಳಿ ಮಾಡುತ್ತಾರೆ. ಪ್ರತಿ ಶೇ. 20ಕ್ಕೆ ಒಬ್ಬ ಪ್ರತಿನಿಧಿ.

ಉದಾಹರಣೆಗೆ 1,000 ಜನರ ಫ್ಯಾಕ್ಟರಿ. ಒಂದು ಸಂಘಕ್ಕೆ 400 ಜನ, ಇನ್ನೊಂದಕ್ಕೆ 250, ಮೂರನೆಯದಕ್ಕೆ 150. ಉಳಿದ 200 ಜನ 'ನಮಗ್ಯಾಕೆ' ಎಂದು ಸುಮ್ನಿದ್ದಾರೆ. ಯಾರಿಗೂ 51 ಇಲ್ಲ. ಮಂಡಳಿಯಲ್ಲಿ ಮೊದಲ ಸಂಘಕ್ಕೆ ಎರಡು ಕುರ್ಚಿ, ಎರಡನೆಯದಕ್ಕೆ ಒಂದು. ಮೂರನೆಯದು ಹೊರಗೆ. ಸುಮ್ನಿದ್ದ 200ರಲ್ಲಿ 110 ಜನ ಮೊದಲ ಸಂಘ ಸೇರಿದ್ದರೆ ಆಟವೇ ಬೇರೆ. ಹಾಗಾಗಿ ಸೇರದೇ ಇರುವುದಕ್ಕೂ ಈಗ ಒಂದು ತೂಕವಿದೆ. ಸುಮ್ನಿದ್ದವರೂ ಒಟ್ಟು ಲೆಕ್ಕದಲ್ಲಿ ಸೇರುತ್ತಾರೆ.

ಇನ್ನೂ ಎರಡು ಅಂಕಿ ಗೊತ್ತಿರಲಿ. ಲೇಆಫ್ (ಸದ್ಯಕ್ಕೆ ಕೆಲಸ ಇಲ್ಲ ಎಂದು ಕೂರಿಸುವುದು), ಕೆಲಸ ಕಡಿತ, ಫ್ಯಾಕ್ಟರಿ ಮುಚ್ಚುವುದು ಇವಕ್ಕೆ ಸರ್ಕಾರದ ಮುಂಚಿತ ಅನುಮತಿ ಬೇಕಾಗಲು ಮೊದಲು 100 ಕೆಲಸಗಾರರಿದ್ದರೆ ಸಾಕಿತ್ತು. ಈಗ 300 ಬೇಕು. ಕೆಲಸದ ನಿಯಮಗಳನ್ನು ಬರೆದಿಡುವ ಸ್ಥಾಯಿ ಆದೇಶಗಳಿಗೂ 300ರ ಮಿತಿ. ಸಣ್ಣ, ಮಧ್ಯಮ ಫ್ಯಾಕ್ಟರಿಯವರಿಗೆ ಕಾನೂನಿನ ಆಸರೆ ಕಡಿಮೆಯಾಗಿದೆ ಎಂದೇ ನಾನು ಓದುತ್ತೇನೆ. ಹೂಡಿಕೆಗೆ ಅನುಕೂಲವಾಗಲಿ, ಕಂಪನಿಗಳು ಧೈರ್ಯವಾಗಿ ಜನರನ್ನು ತೆಗೆದುಕೊಳ್ಳಲಿ ಎಂದು ಹೀಗೆ ಮಾಡಿದ್ದೇವೆ ಎಂಬುದು ಸರ್ಕಾರದ ವಾದ.

ನಾನು 'ಕಾರ್ಮಿಕ'ನಾ?

ಲ್ಯಾಪ್‌ಟಾಪ್ ಮುಂದೆ ಕೂತವರು ಈ ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಸಂಬಳ ಜಾಸ್ತಿ ಇದ್ದರೆ ಕಾರ್ಮಿಕ ಕಾನೂನು ಅನ್ವಯಿಸುವುದಿಲ್ಲ ಎಂಬ ನಂಬಿಕೆ ಬೆಂಗಳೂರಿನಲ್ಲಿ ಗಟ್ಟಿಯಾಗಿದೆ. ಅದು ಅರ್ಧ ಸತ್ಯ.

ಕಾನೂನಿನ ವ್ಯಾಖ್ಯೆಯಲ್ಲಿ ಕೈಕೆಲಸ, ತಾಂತ್ರಿಕ ಕೆಲಸ, ಗುಮಾಸ್ತೆ ಕೆಲಸ ಎಲ್ಲವೂ ಸೇರಿವೆ. ಹೊರಗಿರುವುದು ಮುಖ್ಯವಾಗಿ ಆಡಳಿತದ, ಮ್ಯಾನೇಜರ್ ಮಟ್ಟದ ಕೆಲಸ. ಮೇಲ್ವಿಚಾರಣೆ ಮಾಡುವವರಿಗೆ ಮಾತ್ರ ಸಂಬಳದ ಮಿತಿ ಇದೆ. ಅದು ತಿಂಗಳಿಗೆ 10,000 ಇದ್ದದ್ದು ಹೊಸ ಸಂಹಿತೆಯಲ್ಲಿ 18,000 ಆಗಿದೆ. ವಿಸಿಟಿಂಗ್ ಕಾರ್ಡಿನಲ್ಲಿ ಏನಿದೆ ಎಂಬುದನ್ನಲ್ಲ, ದಿನವೂ ಏನು ಕೆಲಸ ಮಾಡುತ್ತೀರಿ ಎಂಬುದನ್ನು ಕೋರ್ಟುಗಳು ನೋಡುತ್ತವೆ. ಕೈಕೆಳಗೆ ಯಾರೂ ಇಲ್ಲದೆ ಕೋಡ್ ಬರೆಯುವವರ ಹುದ್ದೆಯಲ್ಲಿ 'ಮ್ಯಾನೇಜರ್' ಎಂಬ ಪದ ಇದ್ದ ಮಾತ್ರಕ್ಕೆ ಅವರು ಮ್ಯಾನೇಜರ್ ಆಗುವುದಿಲ್ಲ. ಅಂದಹಾಗೆ, ಮ್ಯಾನೇಜರುಗಳಿಗೂ ಸಂಘ ಬೇಡವೆಂದೇನಿಲ್ಲ. ಬ್ಯಾಂಕ್ ಅಧಿಕಾರಿಗಳ ಸಂಘಗಳು ಎಷ್ಟು ಬಲವಾಗಿವೆ ಎಂಬುದು ಬ್ಯಾಂಕ್ ಮುಷ್ಕರದ ದಿನ ನಮಗೆಲ್ಲ ಗೊತ್ತಾಗುತ್ತದೆ ಅಲ್ವಾ.

ರಾಜ್ಯದ ಐಟಿ ನೌಕರರ ಸಂಘ ಕೆಐಟಿಯು 2017ರಲ್ಲಿ ಶುರುವಾಯಿತು. 2024ರಲ್ಲಿ ಐಟಿಯಲ್ಲಿ ದಿನದ ಕೆಲಸವನ್ನು ಓವರ್‌ಟೈಮ್ ಸೇರಿ 14 ಗಂಟೆವರೆಗೆ ವಿಸ್ತರಿಸುವ ಪ್ರಸ್ತಾಪ ಬಂದಾಗ ಬೀದಿಗಿಳಿದು ವಿರೋಧಿಸಿದ್ದು ಇದೇ ಸಂಘ. ಹತ್ತಾರು ಲಕ್ಷ ಐಟಿ ನೌಕರರಿರುವ ಊರಿನಲ್ಲಿ ಯೂನಿಯನ್ ಸದಸ್ಯರ ಪಾಲು ತೀರಾ ಸಣ್ಣದು, ನಿಜ. ಆದರೆ ಆ ಪ್ರಸ್ತಾಪದ ಬಗ್ಗೆ ಸರ್ಕಾರ ಯಾರನ್ನು ಕರೆದು ಮಾತಾಡಬೇಕು ಎಂಬ ಪ್ರಶ್ನೆ ಬಂದಾಗ ಒಂದು ಹೆಸರು, ಒಂದು ವಿಳಾಸ ಇತ್ತು.

ಸಂಘ ಇಲ್ಲದ ಕಡೆ ಸಿಟ್ಟು ಎಲ್ಲಿ ಹೋಗುತ್ತದೆ

2016ರ ಏಪ್ರಿಲ್ 18 ಮತ್ತು 19. ಪಿಎಫ್‌ನಲ್ಲಿ ಮಾಲೀಕರು ಹಾಕುವ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ಸುದ್ದಿ ಗಾರ್ಮೆಂಟ್ಸ್ ಲೈನುಗಳಲ್ಲಿ ಹರಡಿತು. ಮಗಳ ಮದುವೆಗೆ, ಮಗನ ಫೀಸಿಗೆ ಎಂದು ಕೂಡಿಟ್ಟಿದ್ದೇ ಆ ಹಣ. ಸಾವಿರಾರು ಹೆಣ್ಣುಮಕ್ಕಳು ಮಷೀನ್ ಬಿಟ್ಟು ಹೊಸೂರು ರಸ್ತೆಗೆ, ಮೈಸೂರು ರಸ್ತೆಗೆ ಬಂದರು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು.

ಸಂಘ ಇಲ್ಲದೆಯೂ ಗೆಲ್ಲಬಹುದಲ್ಲ ಎಂದು ಅನಿಸಬಹುದು. ಹೌದು, ಆ ಸಲ ಗೆದ್ದರು. ಆದರೆ ಅದೇ ಎರಡು ದಿನದಲ್ಲಿ ಲಾಠಿ ಏಟು ಬಿತ್ತು, ವಾಹನಗಳು ಸುಟ್ಟವು, ಬಂಧನಗಳಾದವು. ಕೇಸು ಬಿದ್ದವರ ಪರವಾಗಿ ಮಾತಾಡಲು, ಜಾಮೀನು ಕೊಡಿಸಲು ಮುಂದೆ ನಿಲ್ಲುವವರು ಬೇಕಾಯಿತು.

ನರಸಾಪುರದ ಕತೆ ಇನ್ನೂ ಕಹಿ. ಕೋಲಾರ ಜಿಲ್ಲೆಯ ವಿಸ್ಟ್ರಾನ್ ಐಫೋನ್ ಘಟಕದಲ್ಲಿ 2020ರ ಡಿಸೆಂಬರ್ 12ರಂದು ಸಂಬಳದ ಸಿಟ್ಟು ಸ್ಫೋಟವಾಗಿ ಗಾಜು, ಯಂತ್ರ, ವಾಹನ ಎಲ್ಲ ಒಡೆದುಹೋದವು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಕೆಲಸಗಾರರಲ್ಲಿ ಹೆಚ್ಚಿನವರು ಗುತ್ತಿಗೆಯವರು, ಯೂನಿಯನ್ ಇರಲಿಲ್ಲ. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಸಿಕ್ಕಿಲ್ಲ ಎಂದು ಕಂಪನಿಯೇ ವಾರದೊಳಗೆ ಒಪ್ಪಿಕೊಂಡು ಕ್ಷಮೆ ಕೇಳಿತು. ದೂರಿನಲ್ಲಿ ಹುರುಳಿತ್ತು ಎಂದಾಯಿತು. ಅದನ್ನು ಬರೆದುಕೊಂಡು ಹೋಗಿ ಮೇಜಿನ ಮೇಲೆ ಇಡುವ ದಾರಿ ಇರಲಿಲ್ಲ. ಹಿಂಸೆಗೆ ಇದು ಸಮರ್ಥನೆಯಲ್ಲ. ಕುಕ್ಕರಿನ ಸೀಟಿಗೆ ದಾರಿ ಇಲ್ಲದಿದ್ದರೆ ಮುಚ್ಚಳವೇ ಹಾರುತ್ತದೆ, ಅಷ್ಟೇ.

ಸಂಘ ಇದ್ದೂ ಸೋತ ಕತೆಗಳು

ಯೂನಿಯನ್ ಪರವಾಗಿ ಮಾತಾಡುವವರು ಇದನ್ನು ಬೇಗ ದಾಟಿಬಿಡುತ್ತಾರೆ. ದಾಟಬಾರದು.

1982ರ ಜನವರಿಯಲ್ಲಿ ದತ್ತಾ ಸಾಮಂತ್ ನೇತೃತ್ವದಲ್ಲಿ ಮುಂಬೈನ ಬಟ್ಟೆ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ ಬಂದರು. ಆ ಮುಷ್ಕರ ಅಧಿಕೃತವಾಗಿ ಮುಗಿಯಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮುಂಬೈನ ಗಿರಣಿಗಳ ಬಡಾವಣೆ ಗಿರಣಗಾಂವ್‌ನಲ್ಲಿ ಚಿಮಣಿಗಳಿದ್ದ ಜಾಗದಲ್ಲಿ ಈಗ ಮಾಲ್‌ಗಳಿವೆ. ಗಿರಣಿಗಳು ಮೊದಲೇ ಸೊರಗಿದ್ದವು ಎಂಬುದೂ ನಿಜ. ಆದರೂ ಮುಷ್ಕರ ಶುರು ಮಾಡುವವರಿಗೆ ಅದನ್ನು ಮುಗಿಸುವ ದಾರಿಯೂ ಗೊತ್ತಿರಬೇಕು.

ನಮ್ಮಲ್ಲಿ 2021ರ ಏಪ್ರಿಲ್ 7ರಿಂದ ಎರಡು ವಾರ ಸಾರಿಗೆ ನೌಕರರ ಮುಷ್ಕರ ನಡೆಯಿತು. ಬೇಡಿಕೆ ಆರನೇ ವೇತನ ಆಯೋಗದ ಸಂಬಳ. ಮುಂದೆ ನಿಂತವರು ಸಾರಿಗೆಯ ಹೊರಗಿನವರು, ರೈತ ನಾಯಕ ಕೋಡಿಹಳ್ಳಿ ಚಂದ್ರಶೇಖರ್. ಯುಗಾದಿ ಮುಷ್ಕರದಲ್ಲೇ ಕಳೆಯಿತು. ಸರ್ಕಾರ ಖಾಸಗಿ ಬಸ್ಸು ಓಡಿಸಿತು, ವಜಾ, ಅಮಾನತು, ವರ್ಗಾವಣೆ ಸಾಲಾಗಿ ಬಂದವು. ಕೊರೊನಾದ ಎರಡನೇ ಅಲೆ ಏರುತ್ತಿತ್ತು, ಹೈಕೋರ್ಟು ಕೆಲಸಕ್ಕೆ ಮರಳಿ ಎಂದಿತು. ಆರನೇ ವೇತನ ಸಿಗಲಿಲ್ಲ. ಕೆಲಸ ಕಳೆದುಕೊಂಡ ಎಷ್ಟೋ ಚಾಲಕರು, ನಿರ್ವಾಹಕರು ಮರಳಿ ಸೇರಲು ತಿಂಗಳುಗಟ್ಟಲೆ ಅಲೆದರು. 2023ರ ಮಾರ್ಚ್‌ನಲ್ಲಿ ಶೇ. 15ರಷ್ಟು ವೇತನ ಹೆಚ್ಚಳ ಬಂತು.

ಇದರ ಪಕ್ಕದಲ್ಲಿ ಬೆಂಗಳೂರಿನ ಪೌರಕಾರ್ಮಿಕರನ್ನು ಇಡಿ. ವರ್ಷಗಟ್ಟಲೆ ಸಂಘ ಕಟ್ಟಿ, ಗುತ್ತಿಗೆ ಪದ್ಧತಿ ವಿರುದ್ಧ ಒಂದೊಂದೇ ಮೆಟ್ಟಿಲು ಹತ್ತಿದವರು ಅವರು. 2022ರ ಜುಲೈನಲ್ಲಿ ನಾಲ್ಕು ದಿನ ಕೆಲಸ ನಿಲ್ಲಿಸಿದರು. ಊರಿನ ಕಸ ಮಾತಾಡಿತು. ಅದೇ ಸೆಪ್ಟೆಂಬರ್‌ನಲ್ಲಿ 11,133 ಹುದ್ದೆಗಳನ್ನು ಕಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. ನಾಲ್ಕು ದಿನ ಎದ್ದು ಕಾಣುತ್ತದೆ. ಅದರ ಹಿಂದಿನ ವರ್ಷಗಳು ಕಾಣುವುದಿಲ್ಲ.

ಮುಷ್ಕರದ ದಿನಗಳಿಗೆ ಸಾಮಾನ್ಯವಾಗಿ ಸಂಬಳ ಇಲ್ಲ. ಹೊಸ ಸಂಹಿತೆಯಲ್ಲಿ ಎಲ್ಲ ಕೈಗಾರಿಕೆಗೂ 14 ದಿನದ ಮುಂಚಿತ ನೋಟಿಸ್ ಕಡ್ಡಾಯ. ಹಿಂದೆ ಸಾರ್ವಜನಿಕ ಸೇವೆಗಳಿಗೆ ಮಾತ್ರ ನೋಟಿಸ್ ನಿಯಮ ಇತ್ತು. ಸಂಧಾನ ನಡೆಯುವಾಗಲೂ ಮುಷ್ಕರ ಮಾಡುವಂತಿಲ್ಲ. ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಜನ ಒಂದೇ ದಿನ ಒಟ್ಟಾಗಿ ರಜೆ ಹಾಕಿದರೆ ಅದೂ ಮುಷ್ಕರವೇ. 'ನಾಳೆ ಎಲ್ರೂ ಸಿಎಲ್ ಹಾಕೋಣ' ಎಂಬ ಹಳೆಯ ಉಪಾಯ ಇನ್ನು ನಡೆಯುವುದಿಲ್ಲ.

ಸೇರಿದರೆ ಕೆಲಸ ಹೋಗುತ್ತಾ?

ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ ಇದೇ. ಕಾನೂನಿನ ಉತ್ತರ: ಹೋಗಬಾರದು. ಯೂನಿಯನ್ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು, ತೆಗೆಯುತ್ತೇನೆಂದು ಹೆದರಿಸುವುದು, ಸಂಘ ಒಡೆಯಲೆಂದೇ ಕೆಲವರಿಗೆ ಸಂಬಳ ಏರಿಸುವುದು, ಕಂಪನಿಯೇ ಒಂದು ಬೊಂಬೆ ಸಂಘ ಹುಟ್ಟುಹಾಕುವುದು, ಇವೆಲ್ಲ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿವೆ. ಅದೇ ಪಟ್ಟಿಯಲ್ಲಿ ಸಂಘಗಳಿಗೂ ಎಚ್ಚರಿಕೆ ಇದೆ: ಸೇರಲೇಬೇಕೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ.

ವಿವಾದ ಇತ್ಯರ್ಥಕ್ಕೆ ಬಾಕಿ ಇರುವಾಗ ಕೆಲವು ಪದಾಧಿಕಾರಿಗಳಿಗೆ 'ಸಂರಕ್ಷಿತ ಕಾರ್ಮಿಕ' ಎಂಬ ವಿಶೇಷ ರಕ್ಷಣೆ ಇದೆ. ಅನುಮತಿ ಇಲ್ಲದೆ ಅವರನ್ನು ತೆಗೆಯುವಂತಿಲ್ಲ. ಒಟ್ಟು ಕೆಲಸಗಾರರಲ್ಲಿ ಶೇ. 1ರಷ್ಟು ಜನರಿಗೆ ಇದು ಸಿಗುತ್ತದೆ, ಕನಿಷ್ಠ 5, ಗರಿಷ್ಠ 100.

ನೆಲದ ಉತ್ತರ ಬೇರೆ. ತೆಗೆಯುವವರು 'ಯೂನಿಯನ್ ಸೇರಿದೆ, ಅದಕ್ಕೇ ತೆಗೆದೆ' ಎಂದು ಬರೆದುಕೊಡುವುದಿಲ್ಲ. ಟಾರ್ಗೆಟ್ ಮುಟ್ಟಿಲ್ಲ, ಶಿಸ್ತು ಇಲ್ಲ, ದೂರದ ಘಟಕಕ್ಕೆ ವರ್ಗ, ಹೀಗೆ ಕಾರಣ ಬೇರೆ ಇರುತ್ತದೆ. ಅದು ನೆಪ ಎಂದು ಸಾಬೀತು ಮಾಡಲು ವರ್ಷಗಳೇ ಹಿಡಿಯಬಹುದು. ಅತಿ ಅಪಾಯದ ಕಾಲ ಸಂಘ ಇನ್ನೂ ಸಣ್ಣದಿರುವಾಗ, ನೋಂದಣಿಗೆ ಮುಂಚೆ. 7 ಜನ ಇದ್ದಾಗ 7 ಜನರನ್ನೂ ಗುರುತಿಸುವುದು ಸುಲಭ. 700 ಆದಾಗ ಕಷ್ಟ. ಹಾಗಾಗಿ ಅನುಭವ ಇರುವವರು ಮೊದಲ ದಿನಗಳಲ್ಲಿ ಗೇಟಿನ ಮುಂದೆ ಬಾವುಟ ಕಟ್ಟುವುದಿಲ್ಲ. ಬಸ್ ಸ್ಟಾಪಿನಲ್ಲಿ, ಬಾಡಿಗೆ ಮನೆಯ ಜಗಲಿಯಲ್ಲಿ, ಭಾನುವಾರ ಮಧ್ಯಾಹ್ನ ಮಾತಾಡುತ್ತಾರೆ.

ಹಾಗಾದರೆ ಯಾವಾಗ?

ಹೆಚ್ಚಿನ ಜನ ಯೂನಿಯನ್ ಆಫೀಸಿನ ಬಾಗಿಲು ತಟ್ಟುವುದು ವಜಾ ಪತ್ರ ಕೈಗೆ ಬಂದ ಮೇಲೆ. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಆಗಲೂ ಸಂಘ ಸಹಾಯ ಮಾಡಬಹುದು, ಅರ್ಜಿ ಬರೆದುಕೊಡಬಹುದು. ಆದರೆ ಫ್ಯಾಕ್ಟರಿ ಒಳಗೆ ನಿಮ್ಮ ಜೊತೆ ನಿಲ್ಲುವ ಜನ ಇಲ್ಲದಿದ್ದರೆ ಅದು ವಕೀಲರ ಕಚೇರಿಗಿಂತ ಹೆಚ್ಚೇನೂ ಆಗದು. ಒಬ್ಬರನ್ನೇ ತೆಗೆದ ಪ್ರಕರಣಕ್ಕೆ ಯೂನಿಯನ್ ಬೇಕೇ ಬೇಕು ಎಂದೂ ಇಲ್ಲ. ವಜಾ ಆದವರು ಸಂಘದ ಬೆಂಬಲ ಇಲ್ಲದೆಯೂ ನೇರವಾಗಿ ವಿವಾದ ಎತ್ತಬಹುದು. ಅದಕ್ಕೆ ಹಳೆಯ ಕಾನೂನಿನಲ್ಲಿ 3 ವರ್ಷ ಇತ್ತು, ಈಗ 2 ವರ್ಷ ಮಾತ್ರ.

ನನ್ನ ಲೆಕ್ಕದಲ್ಲಿ ಸೇರಲು ಒಳ್ಳೆಯ ಕಾಲ ಎಲ್ಲ ಶಾಂತವಾಗಿರುವಾಗಲೇ. ಕಂಪನಿ ಲಾಭದಲ್ಲಿದೆ, ಆರ್ಡರ್ ಜೋರಾಗಿದೆ, ಹಳೆಯ ಒಪ್ಪಂದ ಮುಗಿಯಲು ಇನ್ನೂ ಆರು ತಿಂಗಳೋ ವರ್ಷವೋ ಇದೆ. ಬೇಡಿಕೆ ಪಟ್ಟಿ ಬರೆಯುವಾಗ ಒಳಗಿದ್ದರೆ ನಿಮ್ಮ ವಿಷಯ ಅದರಲ್ಲಿ ಬರುತ್ತದೆ. ರಾತ್ರಿ ಪಾಳಿ ಮುಗಿಸಿದ ಹೆಣ್ಣುಮಕ್ಕಳಿಗೆ ಗಾಡಿ, ಶಿಶುವಿಹಾರ, ಕ್ಯಾಂಟೀನಿನ ನೀರು, ಇಂಥವು ಪಟ್ಟಿಗೆ ಸೇರುವುದು ಅದನ್ನು ಅನುಭವಿಸುವವರು ಸಭೆಯಲ್ಲಿ ಕೂತಿದ್ದರೆ ಮಾತ್ರ.

ಇಲಾಖೆಯ ಸಂಧಾನದಲ್ಲಿ ಆದ ಒಪ್ಪಂದ ಸದಸ್ಯರಿಗೆ ಮಾತ್ರವಲ್ಲ, ಆ ಸಂಸ್ಥೆಯ ಎಲ್ಲ ಕಾರ್ಮಿಕರಿಗೂ ಅನ್ವಯಿಸುತ್ತದೆ. 'ಹಾಗಾದರೆ ಚಂದಾ ಕೊಟ್ಟು ನಾನ್ಯಾಕೆ ಸೇರಲಿ?' ಎಂಬ ಪ್ರಶ್ನೆ ನ್ಯಾಯವಾದದ್ದೇ. ಬೀದಿಯ ಗಣೇಶೋತ್ಸವಕ್ಕೆ ಚಂದಾ ಕೊಡದವರಿಗೂ ಪ್ರಸಾದ ಸಿಗುತ್ತದೆ. ಆದರೆ ಎಲ್ಲರೂ ಹಾಗೇ ಅಂದುಕೊಂಡ ವರ್ಷ ಪೆಂಡಾಲೇ ಏಳುವುದಿಲ್ಲ.

ಸ್ವಲ್ಪ ತಡೆಯಬಹುದಾದ ಸಂದರ್ಭಗಳೂ ಇವೆ. ಪ್ರೊಬೇಷನ್‌ನಲ್ಲಿ ಇರುವವರನ್ನು ಕೈಬಿಡುವುದು ಸುಲಭ. ಆ ಕೆಲವು ತಿಂಗಳು ಸದಸ್ಯತ್ವವನ್ನು ಜಾಹೀರು ಮಾಡದೆ, ಜನರನ್ನು ಪರಿಚಯ ಮಾಡಿಕೊಂಡು ಇರುವುದು ಹೇಡಿತನವಲ್ಲ. ಮೂರು ತಿಂಗಳಲ್ಲಿ ಊರಿಗೆ ಹೋಗುವವರಿಗೆ ಯೂನಿಯನ್‌ನಿಂದ ಆಗುವುದು ಕಡಿಮೆ. ಐದಾರು ಜನರ ಅಂಗಡಿಯಲ್ಲಿ ಮಾಲೀಕರ ಜೊತೆ ಚಹಾ ಕುಡಿಯುತ್ತಾ ಮಾತು ಮುಗಿಯುವುದಾದರೆ ಮುಗಿಸಿಕೊಳ್ಳಿ.

ಸೇರಿದರೂ ಸೇರದಿದ್ದರೂ ನೇಮಕ ಪತ್ರ, ಸಂಬಳದ ಚೀಟಿ, ಪಿಎಫ್‌ನ ಯುಎಎನ್ ನಂಬರ್, ಇಎಸ್‌ಐ ನಂಬರ್ ಇವುಗಳ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಎಲ್ಲ ಕೆಲಸಗಾರರಿಗೂ ನೇಮಕ ಪತ್ರ ಕೊಡುವುದು ಹೊಸ ಸಂಹಿತೆಗಳಲ್ಲಿ ಕಡ್ಡಾಯವಾಗಿದೆ. ಇನ್ನು, 20 ಅಥವಾ ಹೆಚ್ಚು ಕೆಲಸಗಾರರಿದ್ದರೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಮಾಲೀಕರ ಕಡೆಯವರು ಎಷ್ಟೋ ಕೆಲಸಗಾರರ ಕಡೆಯವರೂ ಅಷ್ಟೇ. ಒಬ್ಬರ ಸಮಸ್ಯೆಗೆ ಮೊದಲ ಬಾಗಿಲು ಅದು.

ಯಾವ ಸಂಘ?

ಸಂಘಗಳಿಗೆ ಮೇಲೊಂದು ಕೇಂದ್ರ ಸಂಘ ಇರುವುದು ಮಾಮೂಲು. 1920ರಲ್ಲಿ ಹುಟ್ಟಿದ ಎಐಟಿಯುಸಿ, 1947ರ ಇಂಟಕ್, 1955ರ ಬಿಎಂಎಸ್, 1970ರ ಸಿಐಟಿಯು ಇವು ದೊಡ್ಡ ಹೆಸರುಗಳು. ಒಂದೊಂದಕ್ಕೂ ಒಂದೊಂದು ರಾಜಕೀಯ ಒಲವು ಇದೆ. ಯಾವುದಕ್ಕೂ ಸೇರದ ಸ್ವತಂತ್ರ ಸಂಘಗಳೂ ಇವೆ. ಬಾವುಟದ ಬಣ್ಣಕ್ಕಿಂತ ನಿಮ್ಮ ಫ್ಯಾಕ್ಟರಿಯಲ್ಲಿ ಆ ಸಂಘದ ನಡತೆ ಮುಖ್ಯ.

ಚಂದಾ ಕೊಡುವ ಮುಂಚೆ ಸುಮ್ನೆ ಕೇಳಿ. ನೋಂದಣಿ ಸಂಖ್ಯೆ ಏನು? ಕಳೆದ ಚುನಾವಣೆ ಯಾವಾಗ ಆಯಿತು? ವರ್ಷದ ಲೆಕ್ಕಪತ್ರ ತೋರಿಸುತ್ತೀರಾ? ನೋಂದಾಯಿತ ಸಂಘ ಪ್ರತಿ ವರ್ಷ ಲೆಕ್ಕ ಸಲ್ಲಿಸಲೇಬೇಕು, ಹಾಗಾಗಿ ಇದು ಗುಟ್ಟಿನ ವಿಷಯವೇ ಅಲ್ಲ. ಚಂದಾಕ್ಕೆ ರಸೀದಿ ಕೊಡುತ್ತೀರಾ? 1926ರ ಕಾಯ್ದೆ ಹೇಳಿದ್ದ ಕನಿಷ್ಠ ಚಂದಾ ಸಾಮಾನ್ಯ ಕಾರ್ಮಿಕರಿಗೆ ವರ್ಷಕ್ಕೆ 12 ರೂಪಾಯಿ ಮಾತ್ರ. ಈಗ ಸಂಘಗಳು ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುತ್ತವೆ, ತಪ್ಪಿಲ್ಲ, ಆಫೀಸು ನಡೆಯಬೇಕಲ್ಲ. ಆದರೆ ರಸೀದಿ ಇಲ್ಲದ ಚಂದಾ ಬೇಡ.

ಪದಾಧಿಕಾರಿಗಳಲ್ಲಿ ಎಷ್ಟು ಜನ ನಿಮ್ಮ ಜೊತೆ ಕೆಲಸ ಮಾಡುವವರು ಎಂದೂ ನೋಡಿ. ಹೊರಗಿನವರು ಮೂರನೇ ಒಂದು ಭಾಗ ಅಥವಾ 5 ಜನ, ಯಾವುದು ಕಡಿಮೆಯೋ ಅಷ್ಟು ಮಾತ್ರ ಇರಬಹುದು. ಹೊರಗಿನವರಿಂದ ಲಾಭವೂ ಇದೆ, ಅವರನ್ನು ಕೆಲಸದಿಂದ ತೆಗೆಯಲು ಆಗದು. ಅಪಾಯವೂ ಅದೇ: ಮುಷ್ಕರ ಕೆಟ್ಟರೆ ಅವರ ಸಂಬಳ ನಿಲ್ಲುವುದಿಲ್ಲ. ಗಾರ್ಮೆಂಟ್ಸ್‌ನಂತೆ ಹೆಂಗಸರೇ ತುಂಬಿರುವ ಕಡೆ ವೇದಿಕೆ ಮೇಲೆ ಬರೀ ಗಂಡಸರು ಕೂತಿದ್ದರೆ ನಾನಂತೂ ಎರಡು ಸಲ ಯೋಚಿಸುತ್ತೇನೆ.

ಗುತ್ತಿಗೆ ಮತ್ತು ಆ್ಯಪ್ ಕೆಲಸದವರು

ಗುತ್ತಿಗೆ ಕೆಲಸಗಾರರಿಗೂ ಸಂಘ ಸೇರುವ ಹಕ್ಕಿದೆ. ಕಷ್ಟ ಇರುವುದು ಯಾರ ಜೊತೆ ಮಾತಾಡಬೇಕು ಎಂಬಲ್ಲಿ. ಸಂಬಳ ಕೊಡುವುದು ಏಜೆನ್ಸಿ, ಕೆಲಸ ತೆಗೆಸುವುದು ಕಂಪನಿ. ಕಾಯಂ ನೌಕರರ ಸಂಘ ತನ್ನ ನಿಯಮಾವಳಿಯಲ್ಲಿ ಗುತ್ತಿಗೆಯವರನ್ನೂ ಸೇರಿಸಿಕೊಳ್ಳುತ್ತದೆಯೇ ಎಂದು ಕೇಳಿ. ಕೆಲವು ಸೇರಿಸಿಕೊಳ್ಳುತ್ತವೆ. ಕೆಲವಕ್ಕೆ ಅದು ಇಷ್ಟವಿಲ್ಲ, ಬೋನಸ್ ಹಂಚಿಕೊಳ್ಳಬೇಕಾಗುತ್ತದೆ ಎಂಬ ಲೆಕ್ಕ. ಈ ಮಾತನ್ನು ಸಭೆಗಳಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ.

ಊಟ ತಲುಪಿಸುವ, ಟ್ಯಾಕ್ಸಿ ಓಡಿಸುವ ಆ್ಯಪ್ ಕೆಲಸದವರನ್ನು ಕಂಪನಿಗಳು ನೌಕರರು ಎಂದು ಕರೆಯುವುದೇ ಇಲ್ಲ, 'ಪಾಲುದಾರರು' ಎನ್ನುತ್ತವೆ. ಹಾಗಾಗಿ ಮಾತುಕತೆಯ ಸಂಘ, 51ರ ಲೆಕ್ಕ ಇವು ಅವರಿಗೆ ಸಲೀಸಾಗಿ ಹೊಂದುವುದಿಲ್ಲ. ಆದರೂ ಅವರು ಸಂಘ ಕಟ್ಟಿಕೊಂಡಿದ್ದಾರೆ, ಒತ್ತಡ ಹಾಕಿದ್ದಾರೆ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಅದರ ಪ್ರಕಾರ ಕಂಪನಿಗಳು ಕೆಲಸಗಾರರಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕಾರಣ ಹೇಳದೆ, ನೋಟಿಸ್ ಕೊಡದೆ ಒಬ್ಬರ ಐಡಿ ಬಂದ್ ಮಾಡುವುದಕ್ಕೂ ಅದರಲ್ಲಿ ಕಡಿವಾಣ ಇದೆ. ಇದರ ಲಾಭ ಬೇಕಾದರೆ ಹೆಸರು ನೋಂದಣಿ ಆಗಿರಬೇಕು. ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ವಿಚಾರಿಸಲು ಬೆಂಗಳೂರಿನಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಇದೆ. ಡೇರಿ ಸರ್ಕಲ್‌ನಲ್ಲಿ ಇಳಿದರೆ ಹತ್ತಿರ.